ಬೋರ್ಡ್ ಹೊಸದು, ಬಾಟಲಿ ಹಳೆಯದು: ಒಂದು ಇನಾರ್ಗ್ಯಾನಿಕ್ ಕೆಮಿಸ್ಟ್ರಿ ವಿಭಾಗದ ರಿವ್ಯೂ

ಐದಕ್ಕೆ ಮೂರೂವರೆ ಸ್ಟಾರ್. ಮೊಬೈಲಿಗೆ, ಚಾರ್ಜರಿಗೆ, ಚಪ್ಪಲಿಗೆಲ್ಲ ರಿವ್ಯೂ ಬರೆಯುತ್ತೇವೆ. ಎರಡು ವರ್ಷ ಬೆಳಗಿಂದ ಸಂಜೆವರೆಗೆ ಕಳೆದ ಜಾಗಕ್ಕೆ ಯಾಕೆ ಬರೆಯಬಾರದು ಅನ್ನಿಸಿತು, ಬರೆಯುತ್ತಿದ್ದೇನೆ. ನಾನು ಈ ವಿಶ್ವವಿದ್ಯಾಲಯದ ಇನಾರ್ಗ್ಯಾನಿಕ್ ಕೆಮಿಸ್ಟ್ರಿ ವಿಭಾಗದಲ್ಲಿ ಎಂಎಸ್ಸಿ ಮಾಡಿದವನು. ಈಗ ಕೆಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತು ತಯಾರಿಸುವ ಕಂಪನಿಯಲ್ಲಿ ಕೆಲಸ. ಹಾಗಾಗಿ ಈ ವಿಭಾಗವನ್ನು ಎರಡು ಕಡೆಯಿಂದಲೂ ನೋಡಿದ್ದೇನೆ: ಮೊದಲು ಫೀಸು ಕಟ್ಟಿದ ವಿದ್ಯಾರ್ಥಿಯಾಗಿ, ಈಗ ದುಡ್ಡು ಕೊಟ್ಟು ಸ್ಯಾಂಪಲ್ ಟೆಸ್ಟ್ ಮಾಡಿಸುವ ಗಿರಾಕಿಯಾಗಿ. ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಮುಂದಿನ ಸ್ಯಾಂಪಲ್ ಕ್ಯೂನ ಕೊನೆಗೆ ಹೋಗುತ್ತದೆ.

ಇತ್ತೀಚೆಗೆ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದು ಒಂದು ದಿನದ ಕಾರ್ಯಕ್ರಮ ಮಾಡಿದರು. ವಿಭಾಗದ ಇತಿಹಾಸ ಮತ್ತು ಭವಿಷ್ಯದ ಬಗ್ಗೆ ಭಾಷಣ ಇತ್ತು. ಇತಿಹಾಸ ಅಂದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾರು ಮುಖ್ಯಸ್ಥರಾಗಿದ್ದರು ಎಂಬ ಪಟ್ಟಿ, ಫೋಟೋ ಸಮೇತ. ಭವಿಷ್ಯ ಅಂದರೆ ಹೊಸ ಬೋರ್ಡ್. 'ಇನಾರ್ಗ್ಯಾನಿಕ್' ಅನ್ನುವ ಪದ ತೆಗೆದು ಅಲ್ಲಿ 'ಮೆಟೀರಿಯಲ್ಸ್' ಮತ್ತು 'ಎನರ್ಜಿ' ಎರಡೂ ಸೇರಿಸುತ್ತಾರಂತೆ. ಬೋರ್ಡಿನ ಡಿಸೈನ್ ಕೂಡ ತೋರಿಸಿದರು, ಮೂರು ಬಣ್ಣಗಳಲ್ಲಿ. ಹಿಂದಿನ ಸಾಲಿನಲ್ಲಿ ಕೂತಿದ್ದ ನಾವು ಮೂವರು ಮೆಲ್ಲಗೆ ಎದ್ದು ಕೆಳಗಿನ ಸ್ಟೋರಿಗೆ ಇಳಿದೆವು. ನಾನು ಕೊಟ್ಟ ಸ್ಟಾರ್‌ಗಳಲ್ಲಿ ಒಂದು ಆ ಸ್ಟೋರಿಗೇ ಸೇರಬೇಕು.

ಸ್ಟೋರಿನ ಮೂಲೆಯಲ್ಲಿ ಒಂದು ಮರದ ಬೀರು ಇದೆ. ಹಿಂದಿನ ಬ್ಯಾಚಿನವರು ಪ್ರಾಕ್ಟಿಕಲ್‌ನಲ್ಲಿ ಮಾಡಿ ಒಪ್ಪಿಸಿದ ಸಂಯುಕ್ತಗಳನ್ನು ಪುಟ್ಟ ಪುಟ್ಟ ಬಾಟಲಿಗಳಲ್ಲಿ ಹಾಕಿ ಅಲ್ಲಿಟ್ಟಿದ್ದಾರೆ. ಲೇಬಲ್‌ಗಳ ಶಾಯಿ ಕಂದು ತಿರುಗಿದೆ, ಕೆಲವದರಲ್ಲಿ ಅಕ್ಷರವೇ ಇಲ್ಲ. ಒಂದು ಬಾಟಲಿ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಒಳಗೆ ಗಾಢ ನೇರಳೆಗೆಂಪು ಹರಳುಗಳು. ಅಲುಗಿಸಿದರೆ ಗಾಜಿಗೆ ತಾಗಿ ಮರಳಿನಂತೆ ಸಣ್ಣಗೆ ಸದ್ದು. ಯಾರೋ ಹಳೇ ಕಾಲದ ಮೇಷ್ಟ್ರು ಬರೆಸಿರಬೇಕು, ಲೇಬಲ್ ಮೇಲೆ 'ಪರ್ಪ್ಯೂರಿಯೊ' ಅಂತಿತ್ತು. ಪಕ್ಕದ್ದು ಹಳದಿ-ಕಿತ್ತಳೆ, 'ಲೂಟಿಯೊ'. ಅದರಾಚೆ ಹಸಿರು, 'ಪ್ರೇಸಿಯೊ'. ಒಳಗೆ ಏನು ಹೇಗೆ ಕೂತಿದೆ ಅಂತ ಯಾರಿಗೂ ತಿಳಿಯದ ಕಾಲದಲ್ಲಿ ಬಣ್ಣ ನೋಡಿ ಇಟ್ಟ ಹೆಸರುಗಳಿವು. ಮೂರರಲ್ಲೂ ಇರುವುದು ಕೋಬಾಲ್ಟ್, ಅಮೋನಿಯಾ, ಕ್ಲೋರಿನ್, ಅಷ್ಟೇ. ಅಮೋನಿಯಾ ಮಾತ್ರ ಒಂದರಲ್ಲಿ ಆರು, ಒಂದರಲ್ಲಿ ಐದು, ಒಂದರಲ್ಲಿ ನಾಲ್ಕು. ಅಷ್ಟಕ್ಕೇ ಬಣ್ಣ ಇಷ್ಟು ಬದಲಾಗುತ್ತದೆ.

ಮೇಲೆ ಸ್ಲೈಡ್ ತೋರಿಸುತ್ತಿದ್ದವರು ಈ ಮೂರು ಬಾಟಲಿ ತಂದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ಯಾಕೆಂದರೆ ಜಗತ್ತಿನ ಎಲ್ಲ ಇನಾರ್ಗ್ಯಾನಿಕ್ ವಿಭಾಗಗಳ ಕಥೆಯೂ ಹೆಚ್ಚುಕಡಿಮೆ ಇಲ್ಲಿಂದಲೇ ಶುರು. 1798ರಲ್ಲಿ ಟಾಸೇರ್ ಎಂಬ ಫ್ರೆಂಚ್ ಕೆಮಿಸ್ಟ್ ಕೋಬಾಲ್ಟ್ ದ್ರಾವಣಕ್ಕೆ ಅಮೋನಿಯಾ ಹಾಕಿದ, ಅದು ಕಂದು ಬಣ್ಣಕ್ಕೆ ತಿರುಗಿತು. ಅಲ್ಲಿಂದ ಸುಮಾರು ನೂರು ವರ್ಷ ಕೆಮಿಸ್ಟ್‌ಗಳು ತಲೆ ಕೆಡಿಸಿಕೊಂಡರು. ಕೋಬಾಲ್ಟ್ ಕ್ಲೋರೈಡ್ ತನ್ನಷ್ಟಕ್ಕೆ ಪೂರ್ತಿಯಾದ ಸಂಯುಕ್ತ. ಅಮೋನಿಯಾವೂ ಅಷ್ಟೇ. ಇಬ್ಬರಿಗೂ ಯಾರ ಹಂಗೂ ಇಲ್ಲ. ಹಾಗಿದ್ದ ಮೇಲೆ ಆರು ಅಮೋನಿಯಾ ಹೋಗಿ ಅಂಟಿಕೊಂಡಿದ್ದು ಎಲ್ಲಿಗೆ? ಕೋಪನ್‌ಹೇಗನ್‌ನಲ್ಲಿ ಯೋರ್ಗೆನ್ಸೆನ್ ಇಂಥ ಸಂಯುಕ್ತಗಳನ್ನು ತುಂಬಾ ಅಚ್ಚುಕಟ್ಟಾಗಿ ಮಾಡಿ, ಅಮೋನಿಯಾಗಳು ಸರಪಳಿಯಂತೆ ಒಂದರ ಹಿಂದೊಂದು ಕೈ ಹಿಡಿದು ನಿಂತಿವೆ ಅಂದರು.

1892ರ ಒಂದು ರಾತ್ರಿ ಎರಡು ಗಂಟೆಗೆ ಆಲ್ಫ್ರೆಡ್ ವರ್ನರ್ ಎಂಬ ಕೆಮಿಸ್ಟ್‌ಗೆ ಎಚ್ಚರವಾಯಿತಂತೆ, ತಲೆಯಲ್ಲಿ ಉತ್ತರದ ಸಮೇತ. ಎದ್ದು ಕೂತು ಮರುದಿನ ಸಂಜೆ ಐದರವರೆಗೆ ಬರೆದರು ಅಂತ ಕಥೆ. ವಯಸ್ಸು 25. ಪಿಎಚ್‌ಡಿ ಮಾಡಿದ್ದು ಆರ್ಗ್ಯಾನಿಕ್‌ನಲ್ಲಿ, ಅಂದರೆ ಕಾರ್ಬನ್ ಸಂಯುಕ್ತಗಳ ಕೆಮಿಸ್ಟ್ರಿಯಲ್ಲಿ. 1893ರಲ್ಲಿ ಪ್ರಕಟವಾದ ಆ ಬರಹದ ತಿರುಳು ಇಷ್ಟು: ಕೋಬಾಲ್ಟ್ ನಡುವೆ ಕೂತಿದೆ, ಅದರ ಸುತ್ತ ಆರು ಜಾಗ, ಮೇಲೊಂದು ಕೆಳಗೊಂದು ಸುತ್ತ ನಾಲ್ಕು. ಆ ಆರರೊಳಗೆ ಸೇರಿದ ಕ್ಲೋರಿನ್ ಸುಲಭಕ್ಕೆ ಹೊರಗೆ ಬರುವುದಿಲ್ಲ, ಆಚೆ ಇರುವ ಕ್ಲೋರಿನ್ ಬರುತ್ತದೆ. ನಂಬಿಕೆ ಬರದಿದ್ದರೆ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. ಹಳದಿ ಸಂಯುಕ್ತದಲ್ಲಿ ಮೂರು ಕ್ಲೋರಿನ್ನೂ ಬಿಳಿ ಒತ್ತರವಾಗಿ ತಳಕ್ಕೆ ಇಳಿಯುತ್ತವೆ, ನೇರಳೆಗೆಂಪಿನಲ್ಲಿ ಎರಡು, ಹಸಿರಿನಲ್ಲಿ ಒಂದೇ. ಈ ಪ್ರಯೋಗವನ್ನು ನಾವು ಎಂಎಸ್ಸಿ ಮೊದಲ ಸೆಮಿಸ್ಟರ್‌ನಲ್ಲಿ ಮಾಡಿದ್ದೆವು. ಒಂದು ಪರೀಕ್ಷಾನಳಿಕೆ, ನಾಲ್ಕು ಹನಿ, ಮುಗಿಯಿತು. ನೂರು ವರ್ಷದ ಜಗಳ ಮೂರು ನಿಮಿಷದಲ್ಲಿ ಕೈಯಲ್ಲೇ ತೀರ್ಮಾನ.

ವರ್ನರ್ ಕೆಲಸ ಮಾಡಿದ್ದು ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಅರ್ಧ ನೆಲಮಾಳಿಗೆಯ ಲ್ಯಾಬನ್ನು ವಿದ್ಯಾರ್ಥಿಗಳು 'ಕ್ಯಾಟಕೂಂಬ್' ಅಂತ, ಅಂದರೆ ಹೆಣ ಹೂಳುವ ನೆಲಗುಹೆ ಅಂತ ಕರೆಯುತ್ತಿದ್ದರು. ಬಿಸಿಲು ಬೀಳದು, ಹಗಲಲ್ಲೂ ದೀಪ ಬೇಕು. ಹೊಸ ಕಟ್ಟಡ ಸಿಕ್ಕಿದ್ದು 1909ರಲ್ಲಿ. ಅಷ್ಟರೊಳಗೆ ಕಷ್ಟದ ಕೆಲಸ ಬಹಳಷ್ಟು ಆ ಕತ್ತಲಲ್ಲೇ ಮುಗಿದಿತ್ತು. ಎಡಿತ್ ಹಂಫ್ರಿ ಎಂಬ ಇಂಗ್ಲಿಷ್ ಹೆಣ್ಣುಮಗಳು ಅಲ್ಲೇ ಇದೇ ಕೋಬಾಲ್ಟ್ ಸಂಯುಕ್ತಗಳ ಮೇಲೆ ಕೆಲಸ ಮಾಡಿ 1901ರಲ್ಲಿ ಡಾಕ್ಟರೇಟ್ ಪಡೆದರು. 1913ರಲ್ಲಿ ವರ್ನರ್‌ಗೆ ನೊಬೆಲ್ ಬಂತು. ಅವರ ಗುಂಪು ಮಾಡಿದ ಸಂಯುಕ್ತಗಳನ್ನು ಜ್ಯೂರಿಕ್‌ನಲ್ಲಿ ಇವತ್ತಿಗೂ ಜೋಪಾನ ಮಾಡಿದ್ದಾರೆ. ನಮ್ಮ ಬೀರುವಿಗೆ ಮಾತ್ರ ಬೀಗವೂ ಇಲ್ಲ, ಪಟ್ಟಿಯೂ ಇಲ್ಲ. 'ಹೊಸ ಕಟ್ಟಡಕ್ಕೆ ಹೋಗುವಾಗ ಇದನ್ನೆಲ್ಲ ಎಸೀಬೇಕು' ಅಂತ ಸ್ಟೋರಿನವರು ಹೇಳಿದಾಗ ಹೊಟ್ಟೆ ಕಲಸಿದಂತಾಯಿತು. ಕಾಲು ಸ್ಟಾರ್ ಅಲ್ಲೇ ಹೋಯಿತು.

ಇನ್ನು 'ಇನಾರ್ಗ್ಯಾನಿಕ್' ಅನ್ನುವ ಹೆಸರಿನ ಬಗ್ಗೆ. ಕನ್ನಡದಲ್ಲಿ ನಿರವಯವ ರಸಾಯನಶಾಸ್ತ್ರ. ಯಾವ ಭಾಷೆಯಲ್ಲಿ ಹೇಳಿದರೂ 'ಅದಲ್ಲದ್ದು' ಅಂತಲೇ ಅರ್ಥ. 118 ಧಾತುಗಳಲ್ಲಿ ಕಾರ್ಬನ್ ಒಂದಕ್ಕೆ ಒಂದು ವಿಭಾಗ, ಉಳಿದ 117ಕ್ಕೆ 'ಉಳಿದದ್ದು' ಅಂತ ಇನ್ನೊಂದು. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಬಹಳ ಕಾಲ ಇದರ ಸ್ಥಾನವೂ ಹಾಗೇ ಇತ್ತು. ಜೆಫ್ರಿ ವಿಲ್ಕಿನ್ಸನ್ 1955ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಇನಾರ್ಗ್ಯಾನಿಕ್ ಪ್ರೊಫೆಸರ್ ಆಗಿ ನೇಮಕವಾದಾಗ, ಇಡೀ ಬ್ರಿಟನ್ನಿನಲ್ಲಿ ಈ ವಿಷಯಕ್ಕೆ ಅಂತ ಇದ್ದ ಕಾಯಂ ಪೀಠ ಅದೊಂದೇ. ಮರುವರ್ಷವೇ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ರೊನಾಲ್ಡ್ ನೈಹೋಮ್ ತಮ್ಮ ಮೊದಲ ಭಾಷಣದಲ್ಲಿ ಇನಾರ್ಗ್ಯಾನಿಕ್ ಕೆಮಿಸ್ಟ್ರಿಯ ಮರುಹುಟ್ಟಿನ ಬಗ್ಗೆ ಮಾತಾಡಿದರು. ಬಾಯಿಮಾತಿನ ಹುಮ್ಮಸ್ಸಲ್ಲ ಅದು. ಫೆರೊಸೀನ್ ಎಂಬ ಕಿತ್ತಳೆ ಹರಳು 1951ರಲ್ಲೇ ಬಂದಿತ್ತು. ಎರಡು ಕಾರ್ಬನ್ ಉಂಗುರಗಳ ಮಧ್ಯೆ ಒಂದು ಕಬ್ಬಿಣದ ಪರಮಾಣು. ಯಾವ ನಿಯಮಕ್ಕೂ ಕೂರದ ಆಕಾರ. ಕಾಯಿಸಿದರೆ ಹಾಳಾಗುತ್ತದೆ ಅಂದುಕೊಂಡರೆ ಜಗ್ಗುವುದೇ ಇಲ್ಲ, ಆವಿಯಾಗಿ ಹೋಗಿ ತಣ್ಣನೆ ಗಾಜಿನ ಮೇಲೆ ಮತ್ತೆ ಸೂಜಿಸೂಜಿಯಾಗಿ ಕೂರುತ್ತದೆ. ಅದರ ರಚನೆ ಬಿಡಿಸಿದ ವಿಲ್ಕಿನ್ಸನ್, ಮ್ಯೂನಿಕ್‌ನ ಅರ್ನ್ಸ್ಟ್ ಒಟ್ಟೊ ಫಿಶರ್ ಇಬ್ಬರಿಗೂ 1973ರಲ್ಲಿ ನೊಬೆಲ್. ಆರ್ಗ್ಯಾನಿಕ್, ಇನಾರ್ಗ್ಯಾನಿಕ್ ಮಧ್ಯದ ಗೋಡೆಯಲ್ಲಿ ಬಾಗಿಲು ತೆರೆದದ್ದು ಹೀಗೆ.

ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ನೀಲ್ ಬಾರ್ಟ್‌ಲೆಟ್‌ದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ, 1962ರ ಮಾರ್ಚ್ 23, ಶುಕ್ರವಾರ ಸಂಜೆ. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕಡುಗೆಂಪು ಆವಿ ಆಮ್ಲಜನಕದಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ ಅಂತ ಅವರು ಆಗಲೇ ಕಂಡಿದ್ದರು. ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಎಷ್ಟು ಶಕ್ತಿ ಬೇಕೋ, ಝೆನಾನ್‌ಗೂ ಹೆಚ್ಚುಕಡಿಮೆ ಅಷ್ಟೇ ಸಾಕು. ಆ ಶಕ್ತಿಗಳ ಪಟ್ಟಿ ನೋಡುತ್ತಾ ಇದು ಹೊಳೆಯಿತು. ಝೆನಾನ್ ಯಾರ ಜೊತೆಗೂ ಸೇರದ ಜಡ ಅನಿಲ ಅಂತ ಆಗಿನ ಪುಸ್ತಕಗಳಲ್ಲೆಲ್ಲ ಇತ್ತು, ಇರಲಿ. ಗಾಜಿನ ಉಪಕರಣದಲ್ಲಿ ಎರಡೂ ಅನಿಲ ಸೇರಿಸಿದರು, ತಕ್ಷಣ ಹಳದಿ ಪುಡಿ ಕೂತಿತು. ಖುಷಿಯಲ್ಲಿ ಯಾರಿಗಾದರೂ ತೋರಿಸೋಣ ಅಂತ ಕಾರಿಡಾರಿಗೆ ಓಡಿದರೆ ಕಟ್ಟಡದಲ್ಲಿ ಯಾರೂ ಇಲ್ಲ, ಎಲ್ಲ ಊಟಕ್ಕೆ ಹೋಗಿದ್ದರು! ನಮ್ಮ ಲ್ಯಾಬಿನಲ್ಲೂ ಒಳ್ಳೆಯದೇನಾದರೂ ಆಗುವುದು ಎಲ್ಲರೂ ಮನೆಗೆ ಹೋದ ಮೇಲೇ. ಈಗ ಸಂಜೆ ಆರಕ್ಕೆ ಕಾರ್ಡ್ ರೀಡರ್ ಬಾಗಿಲು ಬಂದ್ ಮಾಡುತ್ತದೆ. ಸುರಕ್ಷತೆಗೆ ಒಳ್ಳೆಯದೇ, ಒಪ್ಪುತ್ತೇನೆ, ಆದರೂ ಬೇಜಾರು.

ಪಾಠದ ರಿವ್ಯೂ ಬೇಗ ಮುಗಿಸುತ್ತೇನೆ. ಗ್ರೂಪ್ ಥಿಯರಿ ಚೆನ್ನಾಗಿ ಹೇಳಿಕೊಟ್ಟರು. ಕ್ರಿಸ್ಟಲ್ ಫೀಲ್ಡ್ ಥಿಯರಿಯೂ ಚೆನ್ನಾಗಿತ್ತು. ಲ್ಯಾಂಥನೈಡ್‌ಗಳನ್ನು ಒಂದೂವರೆ ತರಗತಿಯಲ್ಲಿ ಓಡಿಸಿದರು, ಹದಿನೈದು ಧಾತುಗಳಿಗೆ ತೊಂಬತ್ತು ನಿಮಿಷ. ಈಗ ಆಯಸ್ಕಾಂತ, ಮೋಟಾರು ಎಲ್ಲದಕ್ಕೂ ಅವೇ ಬೇಕು, ಕಂಪನಿಗೆ ಸೇರಿದ ಮೇಲೆ ನಾನೇ ಕೂತು ಓದಿಕೊಳ್ಳಬೇಕಾಯಿತು. ನೋಟ್ಸ್ ಹಳೆಯದು. ಇಷ್ಟೇ.

ಪ್ರಾಕ್ಟಿಕಲ್ ಬೇರೆ ಮಾತು. ಇದಕ್ಕಾಗಿಯೇ ಇಲ್ಲಿ ಸೇರಬೇಕು. ಸಾಲ್ಟ್ ಅನಾಲಿಸಿಸ್ ಹಳೇ ಕಾಲದ್ದು, ಎಲ್ಲ ಕಡೆ ತೆಗೆದುಹಾಕುತ್ತಿದ್ದಾರೆ, ಯಂತ್ರಕ್ಕೆ ಹಾಕಿದರೆ ಎರಡು ನಿಮಿಷದಲ್ಲಿ ಯಾವ ಲೋಹ ಅಂತ ಹೇಳುತ್ತದೆ. ಸರಿ. ಆದರೆ ನಿಕಲ್ ದ್ರಾವಣಕ್ಕೆ ಡೈಮೀಥೈಲ್‌ಗ್ಲೈಆಕ್ಸಿಮ್ ಹಾಕಿ ಒಂದು ಹನಿ ಅಮೋನಿಯಾ ಬಿಟ್ಟಾಗ ಕುಂಕುಮದಂಥ ಕೆಂಪು ಒತ್ತರ ಗಪ್ಪನೆ ತುಂಬಿಕೊಳ್ಳುತ್ತದಲ್ಲ, ಅದನ್ನು ಒಮ್ಮೆ ನೋಡಿದವರಿಗೆ ನಿಕಲ್ ಮರೆಯುವುದಿಲ್ಲ. ನನ್ನ ಮೆಚ್ಚಿನದು ಇನ್ನೊಂದು. ಕೋಬಾಲ್ಟ್‌ಗೆ ಎರಡು ಎಥಿಲೀನ್‌ಡೈಅಮೀನ್, ಎರಡು ಕ್ಲೋರಿನ್ ಕಟ್ಟಿದ ಹಸಿರು ಹರಳು ಮಾಡಿಸುತ್ತಾರೆ. ಆ ಹಸಿರನ್ನು ಪಿಂಗಾಣಿ ಬಟ್ಟಲಲ್ಲಿ ನೀರಿಗೆ ಹಾಕಿ, ನೀರಿನ ಆವಿಯ ಮೇಲೆ ಇಟ್ಟು ಒಣಗಿಸಬೇಕು. ಅಂಚಿನಿಂದ ಶುರುವಾಗುತ್ತದೆ. ಹಸಿರು ಮಾಸುತ್ತದೆ, ಬೂದಿ ಬಣ್ಣದ ಗೆರೆಯೊಂದು ಒಳಗೆ ಸರಿಯುತ್ತದೆ, ಕೊನೆಗೆ ಬಟ್ಟಲ ತಳದಲ್ಲಿ ಉಳಿಯುವುದು ನೇರಳೆ ಪುಡಿ. ಒಂದು ಪರಮಾಣುವೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎದುರುಬದುರು ಕೂತಿದ್ದ ಎರಡು ಕ್ಲೋರಿನ್ ಈಗ ಅಕ್ಕಪಕ್ಕ ಕೂತಿವೆ, ಅಷ್ಟೇ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಮತ್ತೆ ಒಣಗಿಸಿದರೆ ಹಸಿರು ವಾಪಸ್. ನಾನು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದೆ, ನಾಲ್ಕನೇ ಸಲಕ್ಕೆ ಮೇಷ್ಟ್ರು ಬೈದರು.

ಆಮೇಲೆ ಶ್ಲೆಂಕ್ ಲೈನ್. ಗಾಳಿ ಸೋಕಿದರೆ ಹಾಳಾಗುವ, ಕೆಲವು ಹೊತ್ತಿಯೇ ಉರಿಯುವ ಸಂಯುಕ್ತಗಳ ಕೆಲಸಕ್ಕೆ ಇದು ಬೇಕು. ಬೆಂಚಿನ ಉದ್ದಕ್ಕೂ ಎರಡು ಗಾಜಿನ ಕೊಳವೆ, ಒಂದರಲ್ಲಿ ನೈಟ್ರೋಜನ್, ಇನ್ನೊಂದರಲ್ಲಿ ವ್ಯಾಕ್ಯೂಮ್, ಮಧ್ಯೆ ತಿರುಗಿಸುವ ಗಾಜಿನ ನಲ್ಲಿಗಳು. ಬಲಕ್ಕೆ ತಿರುಗಿಸಿದರೆ ಗಾಳಿ ಎಳೆಯುತ್ತದೆ, ಎಡಕ್ಕೆ ತಿರುಗಿಸಿದರೆ ನೈಟ್ರೋಜನ್ ತುಂಬುತ್ತದೆ. ಮೂರು ಸಲ ಎಳೆದು ಮೂರು ಸಲ ತುಂಬಬೇಕು. ಓದಿ ಕಲಿಯುವ ಕೆಲಸವಲ್ಲ, ಬೆರಳಿಗೆ ಬರಬೇಕು. ನಮಗೆ ಕಲಿಸಿದವರು ಪ್ರೊಫೆಸರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಮೊದಲ ದಿನ ಪಂಪಿನ ಮುಂದಿರುವ ಟ್ರ್ಯಾಪ್ ತೋರಿಸಿದರು. ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿಟ್ಟ ಗಾಜಿನ ಬುಡ್ಡಿ ಅದು, ಪಂಪಿಗೆ ಹೋಗುವ ಆವಿಯನ್ನೆಲ್ಲ ಹಿಡಿದಿಡುತ್ತದೆ. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ. ಅಂದರೆ ಎಲ್ಲೋ ನಲ್ಲಿ ತೆರೆದು ಬಿಟ್ಟು ಗಾಳಿ ಒಳಗೆ ಬರುತ್ತಾ ಇದ್ದರೆ ಆ ಬುಡ್ಡಿಯಲ್ಲಿ ಆಮ್ಲಜನಕ ದ್ರವವಾಗಿ ಸೇರುತ್ತದೆ. ಅದರ ಬಣ್ಣ ತಿಳಿನೀಲಿ, ನೋಡಲು ಚೆಂದ. ದ್ರಾವಕದ ಜೊತೆ ಸೇರಿದರೆ ಬಾಂಬ್. 'ನೀಲಿ ಕಂಡರೆ ಏನೂ ಬಿಚ್ಚಬೇಡಪ್ಪಾ, ನೈಟ್ರೋಜನ್ ಕೆಳಗಿಳಿಸಬೇಡ, ಪಂಪ್ ನಿಲ್ಲಿಸಬೇಡ. ಎಲ್ಲರನ್ನೂ ಆಚೆ ಕಳಿಸು, ನನ್ನನ್ನು ಕರಿ' ಅಂದರು. ಅಷ್ಟು ವರ್ಷದ ನೌಕರಿಯಲ್ಲಿ ಎರಡು ಸಲ ನೀಲಿ ನೋಡಿದ್ದರಂತೆ. ಎರಡನೆಯದರ ಕಥೆ ಹೇಳಲಿಲ್ಲ.

ಪಕ್ಕದ ಕೋಣೆಯಲ್ಲಿ ಗ್ಲಾಸ್ ಬ್ಲೋಯರ್ ಇದ್ದರು. ಇದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಒಂದು ಕಾಲದಲ್ಲಿ ಒಳ್ಳೆಯ ಕೆಮಿಸ್ಟ್ರಿ ವಿಭಾಗ ಅಂದರೆ ಅಲ್ಲಿ ಗಾಜು ಊದುವವರು ಒಬ್ಬರು ಇರಲೇಬೇಕಿತ್ತು. ಶ್ಲೆಂಕ್ ಟ್ಯೂಬಿನ ಕೈ ಮುರಿದರೆ ಅವರ ಬಳಿ ಒಯ್ಯುವುದು. ಉರಿಯ ಮುಂದೆ ಹಿಡಿದು ತಿರುಗಿಸುತ್ತಾ ತಿರುಗಿಸುತ್ತಾ ಮಾತಾಡುತ್ತಿದ್ದರು, ಕಣ್ಣು ಮಾತ್ರ ಗಾಜಿನ ಮೇಲೆ. ಏನು ಪ್ರಯೋಗ, ಎಷ್ಟು ಬಿಸಿ, ಎಷ್ಟು ಒತ್ತಡ ಅಂತ ಕೇಳಿ, 'ಹಂಗಾದರೆ ಈ ಆಕಾರ ಬೇಡ, ಕತ್ತು ಇಲ್ಲಿ ಸಣ್ಣ ಮಾಡೋಣ' ಅಂತ ಅವರೇ ಬದಲಿಸುತ್ತಿದ್ದರು. ನನ್ನ ಪ್ರಾಜೆಕ್ಟ್ ನಡೆದದ್ದು ಅವರು ಹಾಗೆ ಬದಲಿಸಿದ ಒಂದು ಪಾತ್ರೆಯಿಂದ. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಕೋಣೆಯಲ್ಲಿ ಈಗ ಹಳೇ ಕಂಪ್ಯೂಟರ್‌ಗಳನ್ನು ಪೇರಿಸಿಟ್ಟಿದ್ದಾರೆ. ಇನ್ನು ಮುಕ್ಕಾಲು ಸ್ಟಾರ್ ಇದಕ್ಕೆ ಕಟ್.

ಈಗ ಗಿರಾಕಿಯಾಗಿ ನನ್ನ ಅನುಭವ. ಕಂಪನಿಯಿಂದ ಒಂದು ಹೊಸ ಕಾಂಪ್ಲೆಕ್ಸ್‌ನ, ಅಂದರೆ ನಡುವೆ ಲೋಹ, ಸುತ್ತ ಅಣುಗಳಿರುವ ಸಂಯುಕ್ತದ ಹರಳು ಕಳಿಸಿ, ಎಕ್ಸ್‌ರೇ ಹಾಯಿಸಿ ಅದರ ರಚನೆ ತಿಳಿಸಿ ಅಂತ ಕೇಳಿದ್ದೆವು. ಬುಕಿಂಗ್ ವೆಬ್‌ಸೈಟ್ ಶುದ್ಧ ತಲೆನೋವು, ಒಂದೇ ಫಾರಂ ಮೂರು ಕಡೆ ತುಂಬಿಸುತ್ತದೆ. ಒಂದು ವಾರದಲ್ಲಿ ಕೊಡುತ್ತೇವೆ ಅಂದವರು ಮೂರು ವಾರ ತೆಗೆದುಕೊಂಡರು. ರಿಪೋರ್ಟ್ ಬಂತು. ನೋಡಿದರೆ ಕೋಬಾಲ್ಟ್ ಇರಬೇಕಾದ ಜಾಗದಲ್ಲಿ ನಿಕಲ್ ಅಂತಿದೆ! ಸಾಫ್ಟ್‌ವೇರ್ ತಾನೇ ಊಹಿಸಿದ್ದು, ಯಾರೂ ಕಣ್ಣು ಹಾಯಿಸದೆ ಕಳಿಸಿದ್ದಾರೆ. ಅದರ ತಪ್ಪೂ ಅಲ್ಲ ಅನ್ನಿ. ಎಕ್ಸ್‌ರೇಗೆ ಕಾಣುವುದು ಎಲೆಕ್ಟ್ರಾನ್‌ಗಳ ಗುಂಪು. ಕೋಬಾಲ್ಟ್‌ಗೆ 27, ನಿಕಲ್‌ಗೆ 28, ಒಂದೇ ಒಂದರ ವ್ಯತ್ಯಾಸ. ಇಬ್ಬರು ಅಣ್ಣತಮ್ಮಂದಿರನ್ನು ದೂರದಿಂದ ನೋಡಿ ಗುರುತಿಸಿದ ಹಾಗೆ.

ಫೋನ್ ಮಾಡಿದೆ. ಆ ಯಂತ್ರವನ್ನು ತುಂಬಾ ವರ್ಷದಿಂದ ನೋಡಿಕೊಳ್ಳುತ್ತಿರುವ ಹಿರಿಯರು ಸಿಕ್ಕರು. 'ಹರಳಿನ ಬಣ್ಣ ಏನಿತ್ತು ಸಾರ್?' ಅಂತ ಕೇಳಿದರು. ಗುಲಾಬಿ ಅಂದೆ. 'ಈ ಲಿಗಾಂಡ್ ಜೊತೆ ನಿಕಲ್ ಗುಲಾಬಿ ಬರಲ್ಲ, ನೀವೇ ಬನ್ನಿ' ಅಂದರು. ಲಿಗಾಂಡ್ ಅಂದರೆ ಲೋಹದ ಸುತ್ತ ಅಂಟಿರುವ ಅಣು. ಹೋದೆ. ಮೈಕ್ರೋಸ್ಕೋಪ್ ಕೆಳಗೆ ಎಣ್ಣೆಯಲ್ಲಿ ಹರಳುಗಳನ್ನು ಹರಡಿ, ಪೋಲರೈಸರ್ ತಿರುಗಿಸುತ್ತಾ ಅರ್ಧ ನಿಮಿಷ ನೋಡಿದರು. 'ಹೋದ ಸಲ ಹುಡುಗರು ಹಾಕಿದ್ದು ಒಂದು ಹರಳಲ್ಲ, ಎರಡು ಅಂಟಿಕೊಂಡಿದೆ' ಅಂದರು. ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಚೂರು ಬೇರೆ ಆರಿಸಿ, ಸೂಜಿಯ ತುದಿಯ ಕುಣಿಕೆಯಲ್ಲಿ ಎತ್ತಿ, ತಣ್ಣನೆ ನೈಟ್ರೋಜನ್ ಗಾಳಿಗೆ ಹಿಡಿದರು. ಅಂದು ಸಂಜೆಗೇ ಸರಿಯಾದ ರಚನೆ ನನ್ನ ಮೇಲ್‌ನಲ್ಲಿತ್ತು. ಯಂತ್ರ ಅದೇ, ಸಾಫ್ಟ್‌ವೇರ್ ಅದೇ. ಅವರೂ ಇನ್ನೆರಡು ವರ್ಷಕ್ಕೆ ನಿವೃತ್ತರಂತೆ. ಅವರ ಜಾಗಕ್ಕೆ ಯಾರು ಬರುತ್ತಾರೆ ಅಂತ ಕೇಳಿದರೆ ಮೇಲೆ ಕೈ ತೋರಿಸಿ ನಕ್ಕರು. ಮೇಲೆ ಅಂದರೆ ದೇವರೋ, ಮೂರನೇ ಮಹಡಿಯ ಆಫೀಸೋ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ಎನ್‌ಎಂಆರ್ (ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ ದೊಡ್ಡ ಆಯಸ್ಕಾಂತದಿಂದ ಅಣುವಿನ ರಚನೆ ತಿಳಿಯುವ) ಯಂತ್ರದ ಬಾಗಿಲಿಗೆ ಚೀಟಿ ಅಂಟಿಸಿದ್ದರು, ದ್ರವ ಹೀಲಿಯಂ ಬರುವವರೆಗೆ ಬುಕಿಂಗ್ ಇಲ್ಲ ಅಂತ. ಅದಕ್ಕೆ ಕಾಲು ಸ್ಟಾರ್. ಸಪ್ಲೈ ಸಮಸ್ಯೆ ಎಲ್ಲ ಕಡೆ ಇದೆ, ಆದರೆ ಆವಿಯಾಗುವ ಹೀಲಿಯಂ ಹಿಡಿದು ಮತ್ತೆ ದ್ರವ ಮಾಡುವ ವ್ಯವಸ್ಥೆ ಹಾಕಿಸಿಕೊಳ್ಳಬಹುದಿತ್ತು ಅಲ್ವಾ?

ಇನ್ನು ಆ ಭಾಷಣದ ಭವಿಷ್ಯಕ್ಕೆ ಬರೋಣ. ಭಯ ಸುಳ್ಳಲ್ಲ, ಅದನ್ನು ಒಪ್ಪಬೇಕು. ಕೆಮಿಸ್ಟ್ರಿ ವಿಭಾಗ ನಡೆಸುವುದು ದುಬಾರಿ: ಫ್ಯೂಮ್ ಹುಡ್, ಗ್ಯಾಸ್, ತ್ಯಾಜ್ಯ, ಯಂತ್ರ. ಬರೀ ಬೋರ್ಡು ಮೇಜು ಇದ್ದರೆ ನಡೆಯುವ ವಿಷಯಗಳ ಜೊತೆ ಲೆಕ್ಕ ಹಾಕಿದರೆ ಯಾವಾಗಲೂ ಸೋಲುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ 2004ರಲ್ಲಿ ತನ್ನ ಕೆಮಿಸ್ಟ್ರಿ ವಿಭಾಗವನ್ನೇ ಮುಚ್ಚುತ್ತೇವೆ ಅಂತ ಘೋಷಿಸಿತು. 2006ರಲ್ಲಿ ಸಸೆಕ್ಸ್ ಕೂಡ ಹಾಗೇ ಹೊರಟಿತ್ತು, ಗಲಾಟೆಯಾದ ಮೇಲೆ ಕೈಬಿಟ್ಟಿತು. ಹೆಸರು ಬದಲಿಸಿದರೆ ಗ್ರಾಂಟ್ ಬರುತ್ತದೆ, ವಿದ್ಯಾರ್ಥಿಗಳು ಬರುತ್ತಾರೆ ಅನ್ನುವುದಾದರೆ ಬದಲಿಸಲಿ, ನನಗೆ ತಕರಾರಿಲ್ಲ. 'ಇನಾರ್ಗ್ಯಾನಿಕ್' ಅನ್ನುವ ಪದ ಹೋಯಿತು ಅಂತ ಅಳುವವನು ನಾನಲ್ಲ.

ನನ್ನ ತಕರಾರು ಬೇರೆ. ಹೊಸ ಬೋರ್ಡಿನ ಸ್ಲೈಡ್‌ನಲ್ಲಿ ಬ್ಯಾಟರಿ ಚಿತ್ರ ಇತ್ತು, ಇದು ಹೊಸ ದಾರಿ ಅನ್ನುವಂತೆ. ಬ್ಯಾಟರಿ ಎಲ್ಲಿಂದ ಬಂತು? ಜಾನ್ ಗುಡ್‌ಇನಫ್ ಮೂಲತಃ ಭೌತವಿಜ್ಞಾನಿ. 1976ರಲ್ಲಿ ಆಕ್ಸ್‌ಫರ್ಡಿನ ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬೊರೇಟರಿಗೆ ಮುಖ್ಯಸ್ಥರಾಗಿ ಬಂದರು. ಅಲ್ಲೇ 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್, ಅಂದರೆ ಬ್ಯಾಟರಿಯ ಪ್ಲಸ್ ಬದಿ ಆಗುತ್ತದೆ ಅಂತ ತೋರಿಸಿದರು. ಕೋಬಾಲ್ಟ್ ಆಕ್ಸೈಡಿನ ಪದರ, ಮಧ್ಯೆ ಲಿಥಿಯಂ ಬಂದು ಹೋಗುತ್ತದೆ, ಸುಮಾರು 4 ವೋಲ್ಟ್. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ನೊಬೆಲ್ ಬಂದಾಗ ಅವರಿಗೆ 97 ವರ್ಷ. ನೀವು ಇದನ್ನು ಓದುತ್ತಿರುವ ಫೋನಿನಲ್ಲಿ ಬಹುಶಃ ಅದೇ ಕೋಬಾಲ್ಟ್ ಇದೆ. ಕೆಳಗಿನ ಬೀರುವಿನ ಬಾಟಲಿಯಲ್ಲೂ ಅದೇ. ಬೋರ್ಡಿನಿಂದ ಯಾವ ಪದ ತೆಗೆಯುತ್ತಿದ್ದಾರೋ ಅದೇ ಹೆಸರಿನ ಲ್ಯಾಬಿನಲ್ಲಿ ಹುಟ್ಟಿದ್ದನ್ನು ತೋರಿಸಿ, ಇದಕ್ಕಾಗಿ ಹೆಸರು ತೆಗೆಯುತ್ತೇವೆ ಅಂದರೆ ಹೇಗೆ?

ನಾವು ಸ್ಟೋರಿನಿಂದ ವಾಪಸ್ ಬಂದ ಮೇಲೆ ಔಷಧಿಯ ಚಿತ್ರವೂ ಬಂತು, ಸಿಸ್‌ಪ್ಲಾಟಿನ್. ಮಿಕೆಲೆ ಪೈರೊನೆ ಅದನ್ನು ಮಾಡಿದ್ದು 1840ರ ದಶಕದಲ್ಲಿ. ನೂರಕ್ಕೂ ಜಾಸ್ತಿ ವರ್ಷ ಅದು ಬಾಟಲಿಯಲ್ಲಿ ಕೂತ ಹಳದಿ ಪುಡಿ, ಯಾರಿಗೂ ಬೇಡ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಮೇಲೆ ವಿದ್ಯುತ್ ಹರಿಸಿ ನೋಡುತ್ತಿದ್ದಾಗ ಅವು ಒಡೆಯುವುದು ಬಿಟ್ಟು ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ಎಲೆಕ್ಟ್ರೋಡಿನ ಪ್ಲಾಟಿನಂ ಕರಗಿ ಆದ ಸಂಯುಕ್ತ. ಕ್ಯಾನ್ಸರ್ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ. ಹಳೇ ಬಾಟಲಿ ಎಸೆಯುವವರಿಗೆ ಈ ಕಥೆ ಹೇಳಬೇಕು ಅಂತ ಅನ್ನಿಸಿತು, ಅಷ್ಟರಲ್ಲಿ ಅವರು ಮುಂದಿನ ಸ್ಲೈಡಿಗೆ ಹೋಗಿದ್ದರು.

ಮುಂದಿನ ಸ್ಲೈಡ್ ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್. 2025ರ ನೊಬೆಲ್, ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವಾ, ಒಮರ್ ಯಾಘಿ ಮೂವರಿಗೆ. ಲೋಹದ ಅಯಾನುಗಳು ಮೂಲೆಗಂಬ, ಆರ್ಗ್ಯಾನಿಕ್ ಅಣುಗಳು ತೊಲೆ. ಒಳಗೆಲ್ಲ ಖಾಲಿ ಜಾಗ, ಅಲ್ಲಿ ಅನಿಲ ಹಿಡಿದಿಡಬಹುದು, ನೀರು ಹಿಡಿಯಬಹುದು. ಇದು ನಿಜಕ್ಕೂ ನಾಳೆಯ ವಿಷಯವೇ. ಆದರೆ ಇದು ಶುರುವಾದದ್ದು ಹೇಗೆ ಅಂತ ಯಾರೂ ಹೇಳಲಿಲ್ಲ. 1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರಾಬ್ಸನ್‌ಗೆ ಪಾಠಕ್ಕೆ ಅಣುಗಳ ಮಾದರಿ ಬೇಕಿತ್ತು. ಮರದ ಚೆಂಡು, ಮರದ ಕಡ್ಡಿ. ಚೆಂಡಿಗೆ ತೂತು ಕೊರೆಯಲು ವಿಶ್ವವಿದ್ಯಾಲಯದ ವರ್ಕ್‌ಶಾಪಿಗೆ ಕೊಡಬೇಕು, ತೂತು ಎಲ್ಲೆಲ್ಲಿ ಅಂತ ಗುರುತು ಹಾಕಿ ಕೊಡಬೇಕು, ಯಾಕೆಂದರೆ ಪ್ರತಿ ಧಾತು ಕೈ ಚಾಚುವ ದಿಕ್ಕು ಬೇರೆ. ಕೊರೆದು ಬಂದ ಚೆಂಡುಗಳನ್ನು ಜೋಡಿಸುತ್ತಿದ್ದಾಗ ಅವರಿಗೆ ಹೊಳೆಯಿತು, ಅರೆ, ತೂತುಗಳೇ ಎಲ್ಲ ತೀರ್ಮಾನ ಮಾಡುತ್ತವೆ, ಜೋಡಿಸಿದರೆ ಆಕಾರ ತಾನಾಗಿ ಬರುತ್ತದೆ. ಪರಮಾಣುಗಳ ಬದಲು ಅಣುಗಳನ್ನೇ ಹೀಗೆ ಜೋಡಿಸಿದರೆ? ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ತಲೆಯಲ್ಲೇ ಉಳಿಯಿತು. ತಾಮ್ರದ ಅಯಾನು, ನಾಲ್ಕು ಕೈಯ ಅಣು ಸೇರಿಸಿ ವಜ್ರದಂಥ, ಆದರೆ ಒಳಗೆ ಟೊಳ್ಳಾದ ಹರಳು ಮಾಡಿ ತೋರಿಸಿದ್ದು 1989ರಲ್ಲಿ. ನೊಬೆಲ್ ಬಂದಾಗ ವಯಸ್ಸು 88. ಇಡೀ ಕಥೆಯಲ್ಲಿ ನನ್ನ ಕಣ್ಣಿಗೆ ಬೀಳುವುದು ತೂತು ಕೊರೆದ ಆ ವರ್ಕ್‌ಶಾಪಿನವರು.

ಹಾಗಾಗಿ, ಈ ವಿಭಾಗವೋ ಇಂಥ ಇನ್ನೊಂದೋ, ಸೇರುವ ಮುನ್ನ ನೋಡಲು ಹೋದರೆ ಬೋರ್ಡ್ ಓದಬೇಡಿ, ಬ್ರೋಷರ್ ಬೇಡ. ಗ್ಲೋವ್ ಬಾಕ್ಸ್ (ಗಾಳಿ ಸೋಕದಂತೆ ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಮುಂದೆ ನಿಂತು ಒಳಗಿನ ಆಕ್ಸಿಜನ್ ಎಷ್ಟು ಅಂತ ನೋಡಿ. 1 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಒಂದು ಭಾಗದ ಒಳಗಿದ್ದರೆ ಯಾರೋ ಅದನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಾರೆ ಅಂತ ಅರ್ಥ. ಮೀಟರ್ ಮೇಲೆ ಟೇಪ್ ಅಂಟಿಸಿದ್ದರೆ ವಾಪಸ್ ಬನ್ನಿ. ಟೆಕ್ನಿಷಿಯನ್ ಎಷ್ಟು ಜನ ಇದ್ದಾರೆ, ಕಾಯಮ್ಮೋ ಕಾಂಟ್ರಾಕ್ಟೋ ಅಂತ ಕೇಳಿ. ಹರಳು ನೋಡುವವರ ಪಕ್ಕದಲ್ಲಿ ಕೂತು ಕಲಿಯುವ ಹುಡುಗ ಹುಡುಗಿ ಯಾರಾದರೂ ಇದ್ದಾರಾ ಅಂತ ನೋಡಿ. ಕೈಯಲ್ಲಿ ಏನಾದರೂ ಮಾಡಬೇಕು ಅನ್ನುವ ಆಸೆ ಇದ್ದವರಿಗೆ ಈ ಜಾಗ ಈಗಲೂ ಒಳ್ಳೆಯದು, ಖಂಡಿತ ಸೇರಿ. ಕಂಪ್ಯೂಟರ್‌ನಲ್ಲೇ ಕೆಮಿಸ್ಟ್ರಿ ಮಾಡುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯ ವಿಭಾಗಗಳಿವೆ. ಸ್ಯಾಂಪಲ್ ಕಳಿಸುವವರು ಹರಳಿನ ಬಣ್ಣವನ್ನು ಫಾರಂನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದಕ್ಕೆ ಅಲ್ಲಿ ಕಾಲಂ ಇಲ್ಲ, ಮಾರ್ಜಿನ್‌ನಲ್ಲಿ ಬರೆಯಿರಿ.

ಇನ್ನು ಉಳಿದ ಕಾಲು ಸ್ಟಾರ್ ಎಲ್ಲಿ ಹೋಯಿತು ಅಂದರೆ: ಹೊರಡುವಾಗ ನನ್ನ ಹಳೆಯ ಶ್ಲೆಂಕ್ ಟ್ಯೂಬು, ಗ್ಲಾಸ್ ಬ್ಲೋಯರ್ ಸಾರ್ ಕತ್ತು ಸಣ್ಣ ಮಾಡಿಕೊಟ್ಟದ್ದು, ಲ್ಯಾಬಿನ ಡ್ರಾಯರ್‌ನಲ್ಲಿ ಸಿಕ್ಕಿತು. ಪಕ್ಕದ ಕೈ ಬಿರುಕು ಬಿಟ್ಟಿತ್ತು. ರಿಪೇರಿ ಮಾಡಿಸಿ ಬಳಸಿ ಅಂದೆ. 'ಹೊರಗೆ ಕಳಿಸಬೇಕು, ಮೂರು ಕೊಟೇಶನ್ ಬೇಕು, ಅದಕ್ಕಿಂತ ಹೊಸದೇ ಸಸ್ತಾ' ಅಂದರು. ಕೇಳಿ ತಂದುಕೊಂಡೆ. ಈಗ ನನ್ನ ಮೇಜಿನ ಮೇಲಿದೆ, ಪೆನ್ನು ಹಾಕಿಟ್ಟಿದ್ದೇನೆ. ಕತ್ತು ಸಣ್ಣದಲ್ಲವಾ, ಎರಡೇ ಹಿಡಿಯುತ್ತವೆ.